ಅಕ್ಕ ಅಂತ ಬರೆದುಕೊಂಡರು

ತಂಗುಮನೆ, ಎರಡನೇ ಮಹಡಿ
ಫೆಬ್ರವರಿ 9

ಅಕ್ಕಾ,

ಗಾಬರಿಯಾಗಬೇಡ. ಬಸ್ ಡಿಪೋದಿಂದ ನಿನಗೆ ಫೋನು ಬಂದಿರುತ್ತದೆ. ಅವರು ಏನು ಹೇಳಿದರೋ, ಏನು ಬಿಟ್ಟರೋ, ಅದಕ್ಕೇ ನಾನೇ ಬರೆಯುತ್ತಿದ್ದೇನೆ. ನನ್ನನ್ನು ಯಾರೂ ಹೊಡೆದಿಲ್ಲ, ಬೈದಿಲ್ಲ. ಇಲ್ಲಿ ಎಲ್ಲರೂ ಬನ್ನಿ, ಕೂತುಕೊಳ್ಳಿ ಎಂದು ಬಹುವಚನದಲ್ಲೇ ಮಾತಾಡುತ್ತಾರೆ. ಪೌರತ್ವ ತೀರ್ಮಾನವಾಗದವರನ್ನು ಇಡುವ ಈ ಜಾಗಕ್ಕೆ ತಂಗುಮನೆ ಎಂದು ಹೆಸರು, ಬಾಗಿಲಿಗೆ ಮಾತ್ರ ಹೊರಗಿನಿಂದ ಚಿಲಕ.

ಆದದ್ದು ಇಷ್ಟು. ಪೌರತ್ವದ ಕಾರ್ಡನ್ನು ಎಲ್ಲರೂ ಹೊಸದು ಮಾಡಿಸಬೇಕಲ್ಲ, ಡಿಪೋದವರು ಕಂಡಕ್ಟರುಗಳನ್ನು ಸರದಿಯಂತೆ ಕಚೇರಿಗೆ ಕಳಿಸುತ್ತಿದ್ದರು. ನಾನು ಬೆಳಗಿನ ಪಾಳಿ ಮುಗಿಸಿ ಟಿಕೆಟ್ ಯಂತ್ರವನ್ನು ಹೆಗಲಿಗೆ ಹಾಕಿಕೊಂಡೇ ಹೋದೆ. ಸತ್ಯವನ್ನೇ ಹೇಳುತ್ತೇನೆ ಎಂದು ಮೊದಲು ಪ್ರಮಾಣ ಮಾಡಿಸಿದರು. ಅಧಿಕಾರಿಗೆ ನೆಗಡಿ. ಒಂದೊಂದು ಪ್ರಶ್ನೆಗೂ ಮೂಗು ಒರೆಸಿಕೊಳ್ಳುತ್ತಿದ್ದರು.

"ಅಮ್ಮ ಇದ್ದಾರೇನಮ್ಮಾ?" ಅಂದರು.

"ಇಲ್ಲ ಸಾರ್, ಅಮ್ಮ ಹೋಗಿ ನಾಲ್ಕು ವರ್ಷ ಆಯ್ತು" ಅಂದೆ.

"ಮನೇಲಿ ಮತ್ಯಾರಿದ್ದಾರೆ?"

"ಅಕ್ಕ ಇದ್ದಾಳೆ. ನಾವಿಬ್ಬರೇ."

ಬರೆದುಕೊಂಡರು. ಸಹಿ ಮಾಡಿ ಎಂದರು, ಮಾಡಿದೆ. ಪಕ್ಕದ ಕೋಣೆಯಲ್ಲಿ ಸ್ವಲ್ಪ ಕೂತಿರಿ ಎಂದರು, ಕೂತೆ. ನನ್ನ ಹಿಂದೆ ನಿಂತಿದ್ದ ಡ್ರೈವರು ಕಾರ್ಡು ಬೀಸಿಕೊಂಡು ಟೀ ಕುಡಿಯಲು ಹೋದ. ನನ್ನನ್ನು ಮಾತ್ರ ಇನ್ನೊಬ್ಬಾಕೆ ಬಂದು ಕರೆದುಕೊಂಡು ಹೋಗಿ ಕೇಳಿದಳು: ಫೈಲಿನಲ್ಲಿ ನಿಮ್ಮ ತಾಯಿ ಎಂದಿರುವ ಹೆಂಗಸು ಬದುಕಿದ್ದಾಳೆ, ನೀವು ನೋಡಿದರೆ ತಾಯಿ ಸತ್ತಿದ್ದಾಳೆ, ಆಕೆ ಅಕ್ಕ ಎನ್ನುತ್ತೀರಿ, ಯಾವುದು ನಿಜ?

ನಾನು ನಕ್ಕುಬಿಟ್ಟೆ. ನಮ್ಮ ಮನೆಯಲ್ಲಿ ಅಮ್ಮ ಅಂದರೆ ಅಜ್ಜಿ, ಅಕ್ಕ ಅಂದರೆ ಹೆತ್ತವಳು ಎಂದು ಬಿಡಿಸಿ ಹೇಳಿದೆ. ಮಾವಂದಿರು, ಚಿಕ್ಕಮ್ಮ ಎಲ್ಲ ನಿನ್ನನ್ನು ಅಕ್ಕ ಅನ್ನುತ್ತಿದ್ದರು, ತೊದಲು ಕಲಿಯುವಾಗ ನಾನೂ ಅದನ್ನೇ ಕಲಿತೆ, ಆಮೇಲೆ ಯಾರೂ ತಿದ್ದಲಿಲ್ಲ ಎಂದೆ. ಆಕೆ ನಗಲಿಲ್ಲ. ತಾಯಿಯಿಂದ ಪೌರತ್ವ ಬರುತ್ತದೆ, ಅಕ್ಕನಿಂದ ಬರುವುದಿಲ್ಲ ಎಂದಳು.

ಇದೆಲ್ಲ ಒಂದು ವಾರದ ಕೆಲಸ, ಸರಿಹೋಗುತ್ತದೆ. ನನ್ನ ಶಾಲೆಯ ಸರ್ಟಿಫಿಕೇಟು, ನೀಲಿ ಸ್ವೆಟರು, ಒಂದು ಸೋಪು ತಂದುಕೊಡು. ಟಿಕೆಟ್ ಯಂತ್ರವನ್ನು ಡಿಪೋಗೆ ತಲುಪಿಸಿದ್ದಾರಾ ಕೇಳು, ಇಲ್ಲದಿದ್ದರೆ ಸಂಬಳದಲ್ಲಿ ಹಿಡಿಯುತ್ತಾರೆ.

ಇಂತಿ,
ನಿನ್ನ ಮಗಳು


ಮನೆ
ಫೆಬ್ರವರಿ 17

ಮಗಳಿಗೆ,

ಸ್ವೆಟರು, ಸೋಪು, ಸರ್ಟಿಫಿಕೇಟು ಮೂರನ್ನೂ ಗೇಟಿನಲ್ಲಿ ಕೊಟ್ಟು ಬಂದೆ. ಸ್ವೆಟರಿನ ಒಳಗೂ ಹೊರಗೂ ತಡಕಿ ನೋಡಿದರು, ಸೋಪನ್ನು ಎರಡು ತುಂಡು ಮಾಡಿದರು, ಸರ್ಟಿಫಿಕೇಟನ್ನು ಬಿಚ್ಚಲೂ ಇಲ್ಲ. ನಿನ್ನನ್ನು ನೋಡಬೇಕು ಎಂದೆ. ತಾಯಿಯಾದರೆ ಪ್ರತಿ ಭಾನುವಾರ, ಅಕ್ಕತಂಗಿಯರಾದರೆ ಬಿಡುಗಡೆಯ ಅರ್ಜಿ ಹಾಕಿದ ಮೇಲೆ ಎಂದರು. ತಾಯಿ ಎಂದೆ. ಗೇಟಿನವನು ಒಳಗೆ ಹೋಗಿ ನೋಡಿಕೊಂಡು ಬಂದು, ನನ್ನ ಮುಖಕ್ಕೆ ಮುಖ ಕೊಟ್ಟು, "ತಾಯಿ ತೀರಿಕೊಂಡಿದ್ದಾರಲ್ಲಮ್ಮಾ" ಅಂದ.

ಅವನ ಮೈಮೇಲಿದ್ದ ಬೂದು ಅಂಗಿ ನಮ್ಮ ಕಾರ್ಖಾನೆಯದು. ಆ ಜೇಬಿನ ಮುಚ್ಚಳ ನಮ್ಮ ಸಾಲಿನಲ್ಲೇ ಹೊಲಿಯುವುದು. ನಾನೇ ಹೊಲಿದದ್ದಿರಬಹುದು. ಸಮವಸ್ತ್ರ ಹೊಲಿದು ಹೊಲಿದೇ ಅಲ್ಲವೇ ನನಗೆ ಈ ದೇಶದ ಪೌರತ್ವ ಕೊಟ್ಟದ್ದು, ನನ್ನಿಂದ ನಿನಗೆ ಬಂದದ್ದು. ಅಮ್ಮ ಪಾಪ ನದಿಯಾಚೆಯಿಂದ ಬಂದವಳು ಬಂದವಳಾಗಿಯೇ ಸತ್ತಳು.

ಮಾರನೆಯ ದಿನ ಅರ್ಧ ರಜೆ ಹಾಕಿ ಆ ಅಧಿಕಾರಿಯ ಹತ್ತಿರ ಹೋದೆ. ನೆಗಡಿ ಇನ್ನೂ ಹೋಗಿಲ್ಲ ಅವರದು. ಕುರ್ಚಿ ಕೊಟ್ಟರು. ನಾನು ಹೇಳಿದ್ದನ್ನೆಲ್ಲ ತಲೆಯಾಡಿಸಿಕೊಂಡು ಕೇಳಿ, "ನಮ್ಮ ಮನೇಲೂ ಹಾಗೇನಮ್ಮಾ. ಚಿಕ್ಕಪ್ಪಂದಿರು ಅತ್ತಿಗೆ ಅಂತಿದ್ರು ಅಂತ ನಾನೂ ನಮ್ಮಮ್ಮನ್ನ ಕೊನೇವರೆಗೂ ಅತ್ತಿಗೆ ಅಂತಲೇ ಕರೆದೆ" ಎಂದರು. ನನಗೆ ಹೋದ ಜೀವ ಬಂದ ಹಾಗಾಯಿತು.

"ಹಾಗಾದ್ರೆ ನಿಮಗೆ ಗೊತ್ತಲ್ಲ ಸಾರ್" ಅಂದೆ.

"ಗೊತ್ತಿರೋದು ಮನೇಲಿ. ಇಲ್ಲಿ ಬರೆದಿರೋದಷ್ಟೇ. ಪ್ರಮಾಣ ಮಾಡಿ ಹೇಳಿದ್ದಾರೆ, ಸಹಿ ಇದೆ" ಅಂದರು. ಟೀ ತರಿಸಲಾ ಎಂದು ಬೇರೆ ಕೇಳಿದರು.

ಗೊತ್ತಿಲ್ಲದವನಾದರೆ ತಿಳಿಸಿ ಹೇಳಬಹುದು. ಗೊತ್ತಿದ್ದೂ ಬರೆದುಕೊಂಡವನಿಗೆ ಏನು ತಿಳಿಸುವುದು?

ಇನ್ನೊಂದು ಮಾತು. ಕೇಳಬಾರದು ಎಂದುಕೊಂಡೆ, ಕೇಳದೆ ನಿದ್ದೆ ಹತ್ತುತ್ತಿಲ್ಲ. ಅಮ್ಮ ಇದ್ದಾರಾ ಎಂದು ಅವರು ಕೇಳಿದಾಗ ನಿನ್ನ ಕಣ್ಣ ಮುಂದೆ ನಾನು ಬರಲೇ ಇಲ್ಲವಾ? ಅರೆಗಳಿಗೆಯೂ ಬರಲಿಲ್ಲವಾ? ನಿನ್ನನ್ನು ಅಮ್ಮನ ಮಡಿಲಿಗೆ ಹಾಕಿ ಎರಡೆರಡು ಪಾಳಿ ಹೊಲಿದವಳು ನಾನು. ಅವಳು ಜಡೆ ಹಾಕಿದಳು, ಉಣ್ಣಿಸಿದಳು, ಮಲಗಿಸಿದಳು, ಕೊನೆಗೆ ಆ ಹೆಸರನ್ನೂ ತಾನೇ ಇಟ್ಟುಕೊಂಡಳು. ನನಗೆ ಉಳಿದದ್ದು ಅಕ್ಕ. ನಾನೇನು ನಿನ್ನ ಮನೆಯ ಬಾಡಿಗೆಯವಳಾ?

ಸಿಟ್ಟಿನಲ್ಲಿ ಬರೆದೆ, ಹರಿದುಹಾಕುವುದಿಲ್ಲ. ಸ್ವೆಟರು ಹಾಕಿಕೋ.

ಇಂತಿ,
ಅಕ್ಕ (ಬೇರೇನೆಂದು ಹಾಕಲಿ?)


ತಂಗುಮನೆ
ಮಾರ್ಚ್ 4

ಅಮ್ಮಾ,

ಈ ಪದವನ್ನು ಬರೆದು, ಪೆನ್ನು ಕೆಳಗಿಟ್ಟು, ಸ್ವಲ್ಪ ಹೊತ್ತು ಅದನ್ನೇ ನೋಡುತ್ತಾ ಕೂತಿದ್ದೆ. ನಿನಗೂ ಹಾಗೇ ಆಗಿರುತ್ತದೆ, ಯಾರಿಗೋ ಬಂದ ಕಾಗದ ನನ್ನ ಕೈಗೆ ಬಂತಲ್ಲಾ ಎಂದು.

ನೀನು ಕೇಳಿದ್ದಕ್ಕೆ ಸುಳ್ಳು ಹೇಳಲಾರೆ. ಬರಲಿಲ್ಲ. ಅಮ್ಮ ಎಂದರೆ ನನಗೆ ಅವಳ ಒರಟು ಅಂಗೈ, ಅವಳ ಗೊರಕೆ, ಸ್ನಾನ ಮಾಡಿಸುವಾಗ ಕಿವಿ ತಿರುವಿದ್ದು. ಅಕ್ಕ ಎಂದರೆ ಯಂತ್ರದ ಎಣ್ಣೆಯ ವಾಸನೆ, ಸಂಜೆ ಬಾಗಿಲ ಹತ್ತಿರ ಚಪ್ಪಲಿ ಬಿಡುವ ಸದ್ದು. ಆ ಸದ್ದು ಕೇಳಿದರೆ ನಾನು ಊಟ ಬಿಟ್ಟು ಎದ್ದು ಓಡುತ್ತಿದ್ದೆ. ನಿನಗೆ ಕಡಿಮೆ ಪದ ಕೊಟ್ಟೆ ಎಂದುಕೊಂಡಿದ್ದೀಯ. ನನಗೆ ಅದು ಕಡಿಮೆಯದಾಗಿರಲಿಲ್ಲ ಕಣೇ. ಅಕ್ಕ ಅಂದರೆ ಸಾಕು, ಅದಕ್ಕಿಂತ ದೊಡ್ಡವರು ಯಾರೂ ಇರಲಿಲ್ಲ ನನಗೆ.

ಈಗ ತಮಾಷೆ ನೋಡು. ಬಸ್ಸಿನಲ್ಲಿ ದಿನವಿಡೀ ಕಂಡ ಕಂಡ ಹೆಂಗಸರಿಗೆಲ್ಲ ಮುಂದೆ ಹೋಗಮ್ಮಾ, ಚಿಲ್ಲರೆ ಕೊಡಮ್ಮಾ, ಬೇಗ ಇಳಿಯಮ್ಮಾ ಎಂದು ಕೂಗುತ್ತಿದ್ದೆ. ಎಳೆಯ ಹುಡುಗಿಗೂ ಅಮ್ಮಾ, ಮುದುಕಿಗೂ ಅಮ್ಮಾ. ಊರಿಗೆಲ್ಲ ಹಂಚಿದೆ, ನಿನಗೊಬ್ಬಳಿಗೆ ಕೊಡಲಿಲ್ಲ.

ನಮ್ಮ ಕೋಣೆಯಲ್ಲಿ ಆರು ಮಂಚ. ಕಿಟಕಿಯಿಂದ ನೀರಿನ ಟ್ಯಾಂಕು ಕಾಣುತ್ತದೆ, ಅದರ ಮೇಲೆ ಕೂರುವ ಪಾರಿವಾಳಗಳು ಕಾಣುತ್ತವೆ. ಪಕ್ಕದ ಮಂಚದವಳಿಗೆ ರೇಡಿಯೋ ಎಂದು ಹೆಸರು, ಎದ್ದಾಗಿನಿಂದ ಮಲಗುವವರೆಗೆ ಬಾಯಿ ಮುಚ್ಚುವುದಿಲ್ಲ. ಆರು ವರ್ಷದಿಂದ ಇಲ್ಲೇ ಇದ್ದಾಳೆ. "ಅವರು ನನ್ನನ್ನ ಇವರವಳು ಅಂತಾರೆ, ಇವರು ಅವರವಳು ಅಂತಾರೆ. ತವರೂ ಬಾಗಿಲು ಹಾಕ್ಕೊಳ್ತು, ಗಂಡನ ಮನೆಯೂ ಹಾಕ್ಕೊಳ್ತು, ನಾನು ಗಂಟು ಹಿಡ್ಕೊಂಡು ಬೀದೀಲಿ ನಿಂತಿರೋ ಸೊಸೆ" ಎಂದು ನಗುತ್ತಾಳೆ. ನನ್ನ ಕಥೆ ಕೇಳಿ, "ಅಕ್ಕ ಅಂದಿದ್ದಕ್ಕೇ ತಂಗುಮನೆಗೆ ಬಂದ್ಯಾ? ತಂಗೀಮನೆ ಅಂತ ಬೋರ್ಡು ಬದಲಾಯಿಸಬೇಕು" ಅಂದಳು. ಕೋಣೆಯೆಲ್ಲ ನಕ್ಕಿತು. ನಾನೂ ನಕ್ಕೆ, ಆಮೇಲೆ ಮುಖ ತೊಳೆಯಲು ಹೋದೆ.

ವಕೀಲರನ್ನು ನೋಡು. ರಕ್ತ ಕೊಟ್ಟು ತೋರಿಸೋಣ, ಅದಕ್ಕಾದರೂ ನಾಲಿಗೆ ತಪ್ಪುವುದಿಲ್ಲ.

ಇಂತಿ,
ನಿನ್ನ ಮಗಳು, ನಿನ್ನದೇ


ಮನೆ
ಮಾರ್ಚ್ 22

ಮಗಳೇ,

ನಿನ್ನ ಕಾಗದದ ಮೊದಲ ಪದ ಓದಿ ಹಿಂದೆ ತಿರುಗಿ ನೋಡಿದೆ, ಅಮ್ಮ ಬಂದು ನಿಂತಿದ್ದಾಳೋ ಎಂದು. ಹುಚ್ಚಿ ನಾನು. ಮತ್ತೆ ಓದಿದೆ. ಊಟದ ವಿರಾಮದಲ್ಲಿ ಕಾರ್ಖಾನೆಯಲ್ಲೂ ಓದಿದೆ. ಪಕ್ಕದ ಯಂತ್ರದವಳು "ಏನಕ್ಕಾ, ಈ ವಯಸ್ಸಲ್ಲಿ ಪ್ರೇಮಪತ್ರನಾ?" ಎಂದು ಕೆಣಕಿದಳು. ಹೌದು ಹೋಗೇ ಅಂದೆ. ಇಷ್ಟು ವಯಸ್ಸಾದ ಮೇಲೆ ನನಗೆ ಇದು ಬೇಕಿತ್ತು ಎಂದು ನನಗೇ ಗೊತ್ತಿರಲಿಲ್ಲ. ಇನ್ನೊಂದೆರಡು ಕಾಗದ ಬರೆ. ಸುದ್ದಿಯೇನೂ ಬೇಡ, ಆ ಪದ ಬರೆದು ಸಹಿ ಹಾಕಿದರೂ ಸಾಕು.

ವಕೀಲರು ಸಿಕ್ಕರು. ಒಳ್ಳೆಯವರ ಹಾಗೆ ಕಾಣುತ್ತಾರೆ, ಆದರೆ ಅವರ ಬಾಯಿಂದ ಒಳ್ಳೆಯದೇನೂ ಬರಲಿಲ್ಲ. ರಕ್ತ ಪರೀಕ್ಷೆಯನ್ನು ಇಬ್ಬರ ನಡುವೆ ತಕರಾರಿದ್ದರೆ ಮಾತ್ರ ಮಾಡಿಸುತ್ತಾರಂತೆ. ನಮ್ಮಿಬ್ಬರ ನಡುವೆ ತಕರಾರಿಲ್ಲವಲ್ಲ. ಇರುವುದು ನೀನು ಪ್ರಮಾಣ ಮಾಡಿ ಹೇಳಿದ ಮಾತು. ಅದು ತಪ್ಪು ಎಂದರೆ ಪ್ರಮಾಣ ಮಾಡಿ ಸುಳ್ಳು ಹೇಳಿದೆ ಎಂದಾಯಿತು. ಸುಳ್ಳು ಪ್ರಮಾಣ ಮಾಡಿದವರಿಗೆ ಪೌರತ್ವ ಕೊಡುವುದಿಲ್ಲ. ಅದು ಸರಿ ಎಂದರೆ ನಿನಗೆ ತಾಯಿಯಿಲ್ಲ, ಆಗಲೂ ಪೌರತ್ವವಿಲ್ಲ. ಎರಡು ಬಾಗಿಲು ತೋರಿಸಿ ಎರಡಕ್ಕೂ ಬೀಗ ಹಾಕಿದ್ದಾರೆ.

ನಿನ್ನ ಚಿಕ್ಕಮಾವನನ್ನು ಸಾಕ್ಷಿಗೆ ಕರೆದೆ. ನೀನು ಹುಟ್ಟಿದಾಗ ಹೊಸ್ತಿಲ ಹತ್ತಿರ ಕೂತು ಅತ್ತವನು ಅವನು, ನನಗೆ ಏನೋ ಆಗಿಹೋಯಿತು ಎಂದು. "ಅಕ್ಕಾ, ನನ್ನ ಕಾರ್ಡು ಈಗಷ್ಟೇ ಬಂದಿದೆ. ನಾನು ಹೋಗಿ ಬಾಯಿ ಬಿಟ್ಟರೆ ನನ್ನ ಫೈಲೂ ತೆಗೀತಾರೆ. ನನಗೂ ಮಕ್ಕಳಿದಾವೆ" ಅಂದ. ಅವನ ಹೆಂಡತಿ ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಬಯ್ಯಬೇಕೆಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡು ಬಂದೆ. ಇವರು ನಮ್ಮನ್ನು ಒಬ್ಬೊಬ್ಬರನ್ನಾಗಿ ಹಿಡಿಯಬೇಕಾಗಿಯೇ ಇಲ್ಲ. ಒಬ್ಬರನ್ನು ಹಿಡಿದರೆ ಉಳಿದವರು ತಾವಾಗಿಯೇ ಮನೆಯೊಳಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಾರೆ.

ಇನ್ನೊಂದು ದಾರಿ ಇದೆ ಎಂದರು ವಕೀಲರು. ಪೌರತ್ವವಿರುವವಳ ತಂಗಿ ಎಂದು ಒಪ್ಪಿಕೊಂಡರೆ ವರ್ಷ ವರ್ಷ ನವೀಕರಿಸುವ ಅನುಮತಿ ಕೊಡುತ್ತಾರಂತೆ, ಅಕ್ಕನ ಜೊತೆ ವಾಸವಿರಬಹುದಂತೆ. ಅದಕ್ಕೆ ನಾನು ಸಹಿ ಹಾಕಿಕೊಡಬೇಕು, ನಾನು ನಿನ್ನ ತಾಯಿಯಲ್ಲ ಎಂದು. ಕೇಳಿ ಎದ್ದು ಬಂದೆ.

ಇಂತಿ,
ಅಮ್ಮ


(ಬಟ್ಟೆ ಒಗೆಯುವವಳ ಕೈಯಲ್ಲಿ ಕಳಿಸಿದ್ದು)
ಮೇ 11

ಅಮ್ಮಾ,

ನೀನು ಕೇಳಿದ ಹಾಗೆ ಏಪ್ರಿಲ್‌ನಲ್ಲಿ ಎರಡು ಕಾಗದ ಬರೆದೆ. ಎರಡೂ ವಾಪಸು ಬಂದವು. ಮೇಲ್ವಿಚಾರಕಿ ನನ್ನನ್ನು ಕರೆಸಿ, ಕನ್ನಡಕ ಸರಿಮಾಡಿಕೊಂಡು, "ನಿಮ್ಮ ತಾಯಿ ತೀರಿಕೊಂಡಿದ್ದಾರೆ ಅಂತ ಇದೆ. ಇದು ಯಾರಿಗೆ ಬರೆದಿರೋದು?" ಎಂದು ಕೇಳಿದಳು. ಅಮ್ಮಾ ಎಂದು ಬರೆದ ಮೊದಲ ಕಾಗದವೂ ಅದಕ್ಕೆ ನಿನ್ನ ಉತ್ತರವೂ ಅವಳ ರಜೆಯಲ್ಲಿ ಕಣ್ತಪ್ಪಿ ಹೋಗಿದ್ದವಂತೆ. ಲಕೋಟೆಯ ಮೇಲೆ ಮೊಹರು ಒತ್ತಿ ಕೊಟ್ಟಳು: ಮೃತರಿಗೆ ಪತ್ರ ಬರೆಯುವಂತಿಲ್ಲ. ಅದಕ್ಕೂ ಒಂದು ಮೊಹರು ಮಾಡಿಸಿಟ್ಟಿದ್ದಾರೆ. ಅಂದರೆ ನನ್ನಂಥವರು ಎಷ್ಟು ಜನರಿದ್ದಾರೋ ನೋಡು.

ಬಟ್ಟೆ ಒಗೆಯುವವಳು ಈ ಕಾಗದವನ್ನು ಹಾಸಿಗೆ ಬಟ್ಟೆಯ ಮಡಿಕೆಯಲ್ಲಿಟ್ಟು ತರುತ್ತಾಳೆ. ಇನ್ನೊಮ್ಮೆ ಕೇಳಲು ನನಗೆ ಮುಖವಿಲ್ಲ, ಅವಳ ಕೆಲಸ ಹೋಗುತ್ತದೆ. ಅದಕ್ಕೆ ಹೇಳಬೇಕಾದದ್ದನ್ನು ಇದರಲ್ಲೇ ಹೇಳುತ್ತೇನೆ.

ಸಹಿ ಹಾಕಬೇಡ.

ಹಾಕಿದರೆ ನಾನು ಹೊರಗೆ ಬರುತ್ತೇನೆ, ನಿಜ. ಬಂದು ಏನಾಗಿರಲಿ? ನಾನು ಬಾಯಿ ತಪ್ಪಿ ಹೇಳಿದ್ದನ್ನು ನೀನು ತಿಳಿದು ತಿಳಿದು ಹೇಳಿದ ಹಾಗಾಗುತ್ತದೆ. ನಾನು ಹೇಳಿದ್ದು ತಪ್ಪು, ನೀನು ಹೇಳುವುದು ಸುಳ್ಳು. ಆ ಎರಡಕ್ಕೂ ವ್ಯತ್ಯಾಸ ಇದೆ ಎಂದುಕೊಂಡೇ ಇಲ್ಲಿ ದಿನ ನೂಕುತ್ತಿದ್ದೇನೆ. ನೀನೂ ಅವರು ಬರೆದುಕೊಂಡದ್ದನ್ನೇ ಓದಿ ಒಪ್ಪಿಸಿದರೆ, ಆಮೇಲೆ ನಾನು ನಿನ್ನ ಮಗಳು ಎಂದು ಹೇಳುವವರು ಈ ಭೂಮಿಯ ಮೇಲೆ ಯಾರಿದ್ದಾರೆ? ಚಿಕ್ಕಮಾವನಾ?

ಸೋಮವಾರ ರೇಡಿಯೋಳನ್ನು ಕರೆದುಕೊಂಡು ಹೋದರು. ಸೋಮವಾರ ಸೋಮವಾರ ಗಡಿಗೆ ಒಂದು ಬಸ್ಸು ಹೋಗುತ್ತದೆ. ಆ ಕಡೆಯವರು ಇಳಿಸಿಕೊಂಡರೆ ಆಯಿತು, ಇಲ್ಲದಿದ್ದರೆ ನದಿ ದಂಡೆಯಲ್ಲಿ ಇಳಿಸಿ ಬಸ್ಸು ತಿರುಗಿಸುತ್ತಾರೆ ಎನ್ನುತ್ತಾರೆ. ನನಗೂ ನಂಬಿಕೆಯಿಲ್ಲ, ಆದರೆ ಬಸ್ಸು ಖಾಲಿ ಬರುವುದನ್ನು ಕಿಟಕಿಯಿಂದ ನೋಡಿದ್ದೇನೆ. ಹೋಗುವಾಗ ಅವಳು ಒಂದು ಮಾತೂ ಆಡಲಿಲ್ಲ. ಚಪ್ಪಲಿ ಹುಡುಕಿದಳು, ಒಂದೇ ಸಿಕ್ಕಿತು, ಅದನ್ನೇ ಹಾಕಿಕೊಂಡು ಹೋದಳು. ಇನ್ನೊಂದು ನನ್ನ ಮಂಚದ ಕೆಳಗಿತ್ತು, ಬಸ್ಸು ಹೋದ ಮೇಲೆ ಕಂಡಿತು.

ಇದನ್ನು ನಿನ್ನನ್ನು ಹೆದರಿಸಲು ಬರೆಯಲಿಲ್ಲ. ಹೆದರಬೇಡ. ಸಹಿ ಹಾಕಬೇಡ. ಹಾಕಿದರೆ ನನ್ನಾಣೆ.

ನಿನ್ನ
ಮಗಳು


ಮನೆ
ಜುಲೈ 3

ಪ್ರೀತಿಯ ತಂಗಿಗೆ,

ಈ ಕಾಗದವನ್ನು ಅಲ್ಲಿ ಓದಿಯೇ ನಿನ್ನ ಕೈಗೆ ಕೊಡುತ್ತಾರೆ. ಅದಕ್ಕೆ ಎಲ್ಲವನ್ನೂ ಸರಿಯಾಗಿ, ಇರಬೇಕಾದ ಹಾಗೆ ಬರೆಯುತ್ತೇನೆ. ನೀನೂ ಹಾಗೇ ಓದಿಕೋ.

ನಮ್ಮ ಅಮ್ಮ ತೀರಿಕೊಂಡ ಮೇಲೆ ನಿನಗೆ ನಾನಲ್ಲದೆ ಬೇರೆ ಯಾರೂ ಇಲ್ಲ. ತಂಗಿಯನ್ನು ನೋಡಿಕೊಳ್ಳುವುದು ಅಕ್ಕನಾದವಳ ಜವಾಬ್ದಾರಿ. ಆದಕಾರಣ ಮೊನ್ನೆ ಪೌರತ್ವ ಕಚೇರಿಗೆ ಹೋಗಿ ಅರ್ಜಿ ಕೊಟ್ಟು, ಸಹಿ ಹಾಕಿ ಬಂದೆ.

ಅಧಿಕಾರಿಗಳು ಬಹಳ ಸಮಾಧಾನದಿಂದ ನಡೆದುಕೊಂಡರು. ನೆಗಡಿ ವಾಸಿಯಾಗಿದೆ. ಹೇಳಿಕೆಯನ್ನು ನನಗೆ ಅರ್ಥವಾಗಲೆಂದು ನಿಧಾನವಾಗಿ ಓದಿದರು. "ಈಕೆಯನ್ನು ನಾನು ಹೆತ್ತಿಲ್ಲ. ನನಗೆ ಮಕ್ಕಳಿಲ್ಲ."

"ಎರಡನೇ ಮಾತು ಬೇಕಾ ಸಾರ್?" ಎಂದು ಕೇಳಿದೆ.

"ಒಂದಿದ್ದರೆ ಇನ್ನೊಂದು ಇರಲೇಬೇಕಮ್ಮಾ" ಎಂದರು. ನ್ಯಾಯವಾದ ಮಾತು.

ಸಹಿ ಮಾಡುವಾಗ ಕೈ ನಡುಗಲಿಲ್ಲ. ನಡುಗಿದ್ದರೆ ಹಳೆಯ ಸಹಿಗೆ ಹೊಂದುವುದಿಲ್ಲ ಎಂದು ಇನ್ನೊಮ್ಮೆ ಮಾಡಿಸುತ್ತಿದ್ದರು. ಎರಡು ಸಲ ನನ್ನಿಂದ ಆಗುತ್ತಿರಲಿಲ್ಲ.

ಆಣೆ ಹಾಕಿದವರಿಗೆ ಸಿಟ್ಟು ಬರುತ್ತದೆ. ಬರಲಿ. ಇಲ್ಲಿಗೆ ಬಂದು, ನನ್ನ ಕಡೆ ಬೆನ್ನು ಹಾಕಿಕೊಂಡು, ಗೋಡೆ ನೋಡುತ್ತಾ ಕೂತಿರಲಿ. ಮಾತು ಬಿಡಲಿ. ನಾನು ಮಾಡಿದ ಊಟ ಮುಟ್ಟದಿರಲಿ. ಸೋಮವಾರದ ಬಸ್ಸಿನಲ್ಲಿ ಮಾತ್ರ ಕೂರದಿರಲಿ. ಒಂದು ಚಪ್ಪಲಿಯ ಸುದ್ದಿ ಕೇಳಿದ ಮೇಲೆ ನನಗೆ ಬೇರೆ ಏನನ್ನೂ ಯೋಚಿಸಲು ಆಗಲಿಲ್ಲ.

ಹೊಸ ಸ್ವೆಟರು ಹೆಣೆದು ಕಳಿಸಿದ್ದೇನೆ, ಹಳೆಯದು ಮೊಣಕೈಯಲ್ಲಿ ಸವೆದಿತ್ತು.

ಇಂತಿ,
ನಿನ್ನ ಅಕ್ಕ


ತಂಗುಮನೆ
ಜುಲೈ 30

ಮಾನ್ಯ ಅಕ್ಕನವರಿಗೆ,

ನಿಮ್ಮ ಪತ್ರ ತಲುಪಿತು. ಸ್ವೆಟರೂ ತಲುಪಿತು. ಮಕ್ಕಳಿಲ್ಲದವರು ಇಷ್ಟೊಂದು ತೊಂದರೆ ತೆಗೆದುಕೊಳ್ಳಬಾರದು. ಅದನ್ನು ವಾಪಸು ಕಳಿಸಿದ್ದೇನೆ.

ಅನುಮತಿ ಬಂದರೆ ತಿಳಿಸುತ್ತಾರಂತೆ.

ಇಂತಿ,
ನಿಮ್ಮ ತಂಗಿ


ಮನೆ
ನವೆಂಬರ್ 12

ಅಮ್ಮಾ,

ಒಂದೇ ಕೋಣೆಯಲ್ಲಿದ್ದುಕೊಂಡು ಕಾಗದ ಬರೆಯುತ್ತಿದ್ದೇನೆ. ನೀನು ಔಷಧಿ ಅಂಗಡಿಗೆ ಹೋಗಿದ್ದೀಯ. ಇದನ್ನು ಮನೆಯಲ್ಲಿರುವ ನಿನ್ನ ಹೊಲಿಗೆ ಯಂತ್ರದ ಮುಚ್ಚಳದ ಕೆಳಗೆ ಇಡುತ್ತೇನೆ. ಬಾಯಲ್ಲಿ ಹೇಳಬಹುದಿತ್ತು, ಆದರೆ ಈ ಗೋಡೆಯಾಚೆ ಕೆಮ್ಮಿದರೆ ಈಚೆ ಕೇಳುತ್ತದೆ, ಪಕ್ಕದ ಮನೆಯವರನ್ನು ವಿಚಾರಿಸಿಕೊಂಡೇ ಪೌರತ್ವ ಕಚೇರಿಯ ತನಿಖೆಯವನು ನಮ್ಮ ಬಾಗಿಲಿಗೆ ಬರುವುದು.

ಅನುಮತಿ ಸಿಕ್ಕಿ ಮನೆಗೆ ಬಂದು ಎರಡು ತಿಂಗಳಾಯಿತು. ನಿನ್ನ ಜೊತೆ ನಾನು ಎಷ್ಟು ಮಾತಾಡಿದೆ? ಉಪ್ಪು ಕೊಡು, ಬೀಗ ಎಲ್ಲಿ, ಅಷ್ಟೇ. ಮೊದಲು ಸಿಟ್ಟಿತ್ತು. ಈಗ ಸಿಟ್ಟಲ್ಲ, ಹೆದರಿಕೆ. ಅಕ್ಕಾ ಎಂದು ಕರೆದರೆ ಮೊದಲೆಲ್ಲ ನೀನು ಕೆಲಸ ನಿಲ್ಲಿಸದೆಯೇ ಹೂಂ ಅನ್ನುತ್ತಿದ್ದೆ. ಈಗ ಕರೆದರೆ ಎದ್ದು ನಿಲ್ಲುತ್ತೀಯ, ಯಾರೋ ಹಾಜರಿ ಕೂಗಿದ ಹಾಗೆ. ಹುಟ್ಟಿದಾಗಿನಿಂದ ಕರೆದ ಪದ ಅದು. ಅದೊಂದೇ ನಮ್ಮದು ಅಂತಿತ್ತು, ಅದನ್ನೂ ಕಿತ್ತುಕೊಂಡು, ಮೊಹರು ಹಾಕಿ ವಾಪಸು ಕೊಟ್ಟಿದ್ದಾರೆ. ನೀನು ತಂಗೀ ಎಂದು ಕೂಗಿದಾಗ ನನ್ನ ಮೈ ಉರಿಯುತ್ತದೆ. ಮೊನ್ನೆ ಮನೆಯಲ್ಲಿ ನಾವಿಬ್ಬರೇ ಇದ್ದೆವು, ಪಕ್ಕದವರೂ ಊರಲ್ಲಿರಲಿಲ್ಲ, ಆಗಲೂ ತಂಗೀ ಎಂದೆ. ನಿನಗೆ ರೂಢಿಯಾಗಿಬಿಟ್ಟಿದೆಯಲ್ಲ ಎಂದುಕೊಂಡೆ.

ಕಂಡಕ್ಟರು ಕೆಲಸ ಪೌರರಿಗೆ ಮಾತ್ರ. ಈಗ ನಿನ್ನ ಕಾರ್ಖಾನೆಯಲ್ಲೇ ಕೂತು ಬೂದು ಅಂಗಿಗಳ ನೂಲು ಕತ್ತರಿಸುತ್ತೇನೆ. ನನ್ನದೇ ಮಾರ್ಗದ ಬಸ್ಸು ಹತ್ತಿದರೆ ನನ್ನ ಜಾಗಕ್ಕೆ ಬಂದವಳು ಮುಂದೆ ಹೋಗಮ್ಮಾ ಎಂದು ಕೂಗುತ್ತಾಳೆ. ಹೋಗುತ್ತೇನೆ.

ನಿನ್ನೆ ತನಿಖೆಯವನು ಬಂದನಲ್ಲ, ಆಗ ನಡೆದದ್ದನ್ನು ಹೇಳಲೆಂದೇ ಕೂತದ್ದು. ಅವನು ನಿನ್ನ ಆರೋಗ್ಯ ಹೇಗಿದೆ ಎಂದು ಕೇಳಿದ. ಪಾಪ, ಮನುಷ್ಯತ್ವ ಇದೆ ಎಂದುಕೊಂಡೆ. ಆಮೇಲೆ ನೋಡಿದರೆ ನಿನ್ನ ಕೆಮ್ಮನ್ನು ಬರೆದುಕೊಳ್ಳುತ್ತಿದ್ದ. ಯಾಕೆ ಸಾರ್ ಎಂದೆ. "ಅಕ್ಕ ಇರೋವರೆಗೆ ತಾನೇ ನಿಮ್ಮ ಅನುಮತಿ" ಎಂದ. ಅಲ್ಲಿಯವರೆಗೆ ನನಗೆ ಅದು ಹೊಳೆದೇ ಇರಲಿಲ್ಲ. ನಿನಗೆ ಹೊಳೆದಿತ್ತು, ನಿನ್ನ ಮುಖ ನೋಡಿದೆ. ಅದಕ್ಕೇ ಅಲ್ಲವೇ ಈಗೀಗ ಕೆಮ್ಮು ಬಂದಾಗಲೆಲ್ಲ ಯಂತ್ರ ಜೋರಾಗಿ ತುಳಿಯುವುದು?

ಇನ್ನು ಪ್ರತಿ ವರ್ಷ ಈ ಅನುಮತಿ ಹೊಸದು ಮಾಡಿಸಬೇಕು. ಪ್ರತಿ ವರ್ಷ ನೀನು ಹೋಗಿ, ಇವಳನ್ನು ಹೆತ್ತಿಲ್ಲ ಎಂದು ಸಹಿ ಹಾಕಿ ಬರಬೇಕು. ಬೇರೆಯವರಿಗೆ ಹುಟ್ಟಿದ ದಿನ ಇರುತ್ತದೆ. ನನ್ನದು ಹುಟ್ಟದ ದಿನ.

ಅವನು ಬರೆಯುತ್ತಾ ಕೂತಿರುವಾಗ ನಿನಗೆ ಕೆಮ್ಮು ಬಂತು. ನಾನು ನೀರು ತಂದು ನಿನ್ನ ಮುಂದೆ ಹಿಡಿದು, "ತಗೋಮ್ಮಾ" ಅಂದೆ. ಅವನು ತಲೆ ಎತ್ತಲಿಲ್ಲ. ಏಕೆ ಎತ್ತುತ್ತಾನೆ? ತರಕಾರಿ ಮಾರುವವನು ಗಿರಾಕಿಗೆ ತಗೋಮ್ಮಾ ಅನ್ನುತ್ತಾನೆ, ಅಕ್ಕ ತಂಗಿಗೂ ಅನ್ನುತ್ತಾಳೆ, ಯಾರು ಯಾರಿಗೆ ಬೇಕಾದರೂ ಅನ್ನಬಹುದು. ಧೈರ್ಯ ಬಂತು. "ಕುಡಿಯಮ್ಮಾ" ಅಂದೆ. "ಸ್ವಲ್ಪ ಹೊತ್ತು ಮಲಕ್ಕೋಮ್ಮಾ" ಅಂದೆ. ಸರ್ಕಾರದವನ ಎದುರಿಗೇ ಮೂರು ಸಲ ಕರೆದೆ ನಿನ್ನನ್ನು, ಬೇರೆ ಮಾತಿನ ಬಾಲಕ್ಕೆ ಕಟ್ಟಿ ಒಳಗೆ ತಂದೆ ಆ ಪದವನ್ನು, ಅವನ ಪೆನ್ನಿಗೆ ಸಿಗಲಿಲ್ಲ. ನೀನು ನನ್ನ ಕಡೆ ನೋಡಲಿಲ್ಲ. ನೀರು ಕುಡಿದು ಲೋಟ ಕೆಳಗಿಟ್ಟು ಹೊಲಿಯತೊಡಗಿದೆ. ನೀನು ಕೇಳಿಸಿಕೊಂಡೆಯೋ ಇಲ್ಲವೋ ಎಂದು ಇಡೀ ಸಂಜೆ ಒದ್ದಾಡಿದೆ.

ಇವತ್ತು ಬೆಳಿಗ್ಗೆ, ನೀನು ಕಾರ್ಖಾನೆಯಿಂದ ಮನೆಗೆ ತಂದು ಹೊಲಿಯುತ್ತಿದ್ದ ಆ ಬೂದು ಅಂಗಿಯನ್ನು ಎತ್ತಿ ನೋಡಿದೆ. ಜೇಬಿನ ಮುಚ್ಚಳದ ಹೊಲಿಗೆ ಒಂದು ಕಡೆ ಸೊಟ್ಟ ಹೋಗಿದೆ. ನಿನ್ನ ಕೈಯ ಹೊಲಿಗೆ ಸೊಟ್ಟ ಹೋದದ್ದನ್ನು ನಾನು ಈವರೆಗೆ ನೋಡಿಲ್ಲ. ಬಿಚ್ಚಬೇಡ ಅದನ್ನು. ಹಾಗೇ ಕಳಿಸು. ಯಾವನೋ ಗೇಟಿನವನು ಹಾಕಿಕೊಂಡು ನಿಲ್ಲಲಿ.

ಇದನ್ನು ಓದಿ ಒಲೆಗೆ ಹಾಕು. ಹಾಕುವ ಮೊದಲು ಮೇಲಿನ ಪದವನ್ನು ಇನ್ನೊಂದು ಸಲ ಓದಿಕೋ. ನಾಳೆ ಎದ್ದು ನಾನು ಅಕ್ಕಾ ಎಂದೇ ಕರೆಯುತ್ತೇನೆ, ನೀನು ತಂಗೀ ಎಂದೇ ಓಗೊಡು.

ಇಂತಿ,
ಸಹಿ ಹಾಕುವುದಿಲ್ಲ. ನಾವಿಬ್ಬರೂ ಸಹಿ ಹಾಕಿಯೇ ಇಲ್ಲಿಗೆ ಬಂದದ್ದು.